ಸುಮ್ಮನೆ ಕೂರುವುದಕ್ಕೆ ಒಂದು ತೋಟ

ಹೊಸ ಮನೆ ಕಟ್ಟಿಸಿದವರನ್ನು ಜನ ನೂರೆಂಟು ಕೇಳುತ್ತಾರೆ. ಅದರಲ್ಲಿ ನನ್ನ ತಲೆ ತಿಂದದ್ದು ಒಂದೇ ಪ್ರಶ್ನೆ. ಮನೆಯ ಮುಂದಿನ ಖಾಲಿ ಜಾಗಕ್ಕೆ ಬೊಟ್ಟು ಮಾಡಿ, ಇಲ್ಲಿ ಏನು ಹಾಕುತ್ತೀರಿ ಎನ್ನುವುದು. ಏನೂ ಹಾಕುವುದಿಲ್ಲ, ಅಲ್ಲಿ ನಾನು ಬೆಳಿಗ್ಗೆ ಚಹಾ ಹಿಡಿದುಕೊಂಡು ಸುಮ್ಮನೆ ಕೂರುತ್ತೇನೆ ಎಂದರೆ ಒಬ್ಬರೂ ನಂಬಲಿಲ್ಲ. ನಾನೇನೋ ಮುಚ್ಚಿಡುತ್ತಿದ್ದೇನೆ ಎನ್ನುವ ಹಾಗೆ ನಕ್ಕು, ತಮ್ಮ ಸಲಹೆಯನ್ನು ಕೊಟ್ಟೇ ಹೋದರು. ಪಕ್ಕದ ಮನೆಯಾಕೆ ಬದನೆ ಹಾಕು ಎಂದಳು. ಹಾಲಿನವನು ಎಮ್ಮೆ ಕಟ್ಟುವುದಕ್ಕೆ ಹೇಳಿ ಮಾಡಿಸಿದ ಜಾಗ ಎಂದ. ಬೀಳಗಿಯಿಂದ ಬಂದ ನನ್ನ ಅಣ್ಣ ಹೆಜ್ಜೆ ಹಾಕಿ ಅಳೆದು, ಒಂದು ಬಾಡಿಗೆ ಅಂಗಡಿ ಆರಾಮಾಗಿ ಕೂರುತ್ತದೆ ಎಂದು ಹೇಳಿದ. ಅಂಗಡಿ ಕೂರಬಹುದು, ಎಮ್ಮೆ ಕೂರಬಹುದು, ನಾನು ಮಾತ್ರ ಕೂರುವ ಹಾಗಿಲ್ಲ.

ನನ್ನ ಹಟ ಅರ್ಥವಾಗಬೇಕಾದರೆ ನಮ್ಮ ಹಳೆಯ ಮನೆ ಗೊತ್ತಿರಬೇಕು. ಅದು ಬನಹಟ್ಟಿಯ ನೇಕಾರರ ಓಣಿಯಲ್ಲಿತ್ತು. ಮನೆಯಲ್ಲಿ ಮಗ್ಗ ಇದ್ದವು ಎನ್ನುವುದಕ್ಕಿಂತ ಮಗ್ಗಗಳ ಮನೆಯಲ್ಲಿ ನಾವು ಇದ್ದೆವು ಎನ್ನುವುದೇ ಸರಿ. ಗೋಡೆಯಿಂದ ಗೋಡೆಗೆ ವಿದ್ಯುತ್ ಮಗ್ಗ, ಉಳಿದ ಸಂದಿಯಲ್ಲಿ ಅಡುಗೆ, ದೇವರು, ಮಕ್ಕಳು. ಮಣ್ಣು ಎನ್ನುವುದು ತುಳಸಿಯ ಡಬ್ಬಿಯಲ್ಲಿ ಮಾತ್ರ. ಒಗ್ಗರಣೆಯ ಮೇಲೂ ಹತ್ತಿಯ ಧೂಳು ಇಳಿಯುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ನಾನು ಕೂತಿಲ್ಲ ಎಂದಲ್ಲ, ಕೂತೇ ಇದ್ದೆ. ಆದರೆ ನೇಕಾರರ ಮನೆಯಲ್ಲಿ ಹೆಂಗಸು ಕೂತಳು ಎಂದರೆ ಕಂಡಿಕೆ ಸುತ್ತಲು ಕೂತಳು ಎಂದೇ ಅರ್ಥ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಎಷ್ಟು ಸುತ್ತಿದರೂ ಮಗ್ಗಕ್ಕೆ ಸಾಲದು. ಬಾಣಂತಿಯ ಮಡಿಲಲ್ಲಿ ಕೂಸು ಮಲಗಿ ಎದ್ದರೆ ಆ ಜಾಗಕ್ಕೆ ನೂಲಿನ ಲಡಿ ಬಂದು ಕೂರುತ್ತಿತ್ತು. ಖಾಲಿ ಕೈಯಲ್ಲಿ ಕೂತ ಹೆಂಗಸನ್ನು ನನ್ನ ಅತ್ತೆ ಕಂಡರೆ, ಯಾರಾದರೂ ಸತ್ತರೇನು ಎಂದು ಕೇಳುತ್ತಿದ್ದರು.

ಈಗ ಆ ಮಗ್ಗಗಳನ್ನೆಲ್ಲ ನನ್ನ ಮೈದುನ ನೋಡಿಕೊಳ್ಳುತ್ತಾನೆ. ಮೊಣಕಾಲು ಹಿಡಿದುಕೊಂಡು ಮಗ್ಗ ಬಿಟ್ಟ ನನ್ನ ಗಂಡ ಬಟ್ಟೆ ವ್ಯಾಪಾರದ ಮಾತುಕತೆಗೆಂದು ಒಂದಿಷ್ಟು ಹೊತ್ತು ಪೇಟೆಗೆ ಹೋಗಿ ಬರುತ್ತಾರೆ. ನಾವು ಊರ ಹೊರಗೆ, ಜಮಖಂಡಿ ರಸ್ತೆಯ ಕಡೆಯ ಹೊಸ ಬಡಾವಣೆಗೆ ಬಂದೆವು. ಮನೆ ಹೇಗಾದರೂ ಕಟ್ಟಿಸಿಕೊಳ್ಳಿ, ಮುಂದಿನ ಜಾಗ ಮಾತ್ರ ನನ್ನದು ಎಂದು ಪಾಯ ತೋಡುವ ದಿನವೇ ಹೇಳಿದ್ದೆ. ಆಗ ಎಲ್ಲರೂ ಹೂಂ ಅಂದಿದ್ದರು. ಪಾಯ ತೋಡುವ ದಿನ ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಈ ಆಸೆ ನನ್ನ ತಲೆಗೆ ಹೊಕ್ಕದ್ದು ಮುಧೋಳದ ತಂಗಿಯ ಮನೆಯಲ್ಲಿ. ಅವಳ ಮನೆಯ ಮುಂದೆ ಹುಲ್ಲುಹಾಸಿದೆ. ಆ ಹುಲ್ಲಿನ ಮೇಲೆ ಅವರ ಬೇಟೆನಾಯಿ, ಬಡಕಲು ಹೊಟ್ಟೆಯ ಉದ್ದ ಕಾಲಿನ ಮುಧೋಳ ನಾಯಿ, ನಾಲ್ಕೂ ಕಾಲು ಚಾಚಿ ಬಿಸಿಲಿಗೆ ಮಲಗಿರುತ್ತದೆ. ಅದಕ್ಕೆ ಯಾರೂ ಕೆಲಸ ಹೇಳುವುದಿಲ್ಲ. ಕರೆದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತದೆ. ಯಾವ ಜನ್ಮದ ಪುಣ್ಯವೋ ಎಂದುಕೊಂಡು ನಾನು ಅದನ್ನೇ ನೋಡುತ್ತ ನಿಂತಿದ್ದೆ. ನಾಯಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅವರ ತೋಟ ಮಾಡಿದವನು ಬೆಳಗಾವಿಯವನು, ಲ್ಯಾಂಡ್‌ಸ್ಕೇಪರ್ ಅಂತೆ, ನಂಬರು ಕೊಡಲೇ ಎಂದು ತಂಗಿ ಕೇಳಿದಳು. ಕೊಡು ಎಂದೆ.

ಮನೆಗೆ ಬಂದು ಹೇಳಿದರೆ ನನ್ನ ಗಂಡನಿಗೆ ಅವಮಾನವಾಯಿತು.

"ಹೊರಗಿನವ ಬಂದು ನಮ್ಮ ಮನಿ ಮುಂದ ಗಿಡಾ ಹಚ್ಚೂದಂದ್ರ, ನಮಗೇನ ಕೈ ಇಲ್ಲೇನ?" ಎಂದರು.

ಕೈ ಇತ್ತು, ಅದೇ ತೊಂದರೆ. ಮಗ್ಗ ಬಿಟ್ಟ ಮೇಲೆ ಆ ಕೈಗಳಿಗೆ ಕೆಲಸವಿರಲಿಲ್ಲ, ಅವಕ್ಕೆ ನನ್ನ ತೋಟವೇ ಸಿಕ್ಕಿತು. ಮರುದಿನವೇ ಗೂಟಗಳು ಬಂದವು. ಹಳೆಯ ಮನೆಯ ಅಟ್ಟದಿಂದ ಉಳಿಕೆ ನೂಲು ಬಂತು. ಮಗ್ಗಕ್ಕೆ ಹಾಸು ಹೂಡುವಾಗ ಉದ್ದುದ್ದ ಎಳೆ ಎಳೆಯುವ ಹಾಗೆ ಗೂಟದಿಂದ ಗೂಟಕ್ಕೆ ದಾರ ಎಳೆಯಲು ಶುರುಮಾಡಿದರು. ಗುಲಾಬಿಗೆ ಕೆಂಪು ನೂಲು, ಮಲ್ಲಿಗೆಗೆ ಬಿಳಿ, ಕ್ರೋಟನ್ನಿಗೆ ಹಸಿರು. ಬೆಳಿಗ್ಗೆ ಎದ್ದು ಒಂದೊಂದು ಎಳೆಯನ್ನೂ ಬೆರಳಿನಿಂದ ಮೀಟಿ ಬಿಗಿ ನೋಡುವುದು, ಇಬ್ಬನಿಗೆ ಸಡಿಲವಾಗಿದ್ದರೆ ಬಿಚ್ಚಿ ಮತ್ತೆ ಕಟ್ಟುವುದು. ಅಂಗಳದ ಮೂಲೆ ಚೌಕವಿಲ್ಲ ಎಂದು ಮನೆ ಕಟ್ಟಿದ ಗೌಂಡಿಯನ್ನು ಬೈದು ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆದರು. ನಾನು ಕೂರುವ ಜಾಗ ಎಲ್ಲಿ ಎಂದರೆ, ಮೊದಲು ಹಾಸು ಆಗಲಿ ಎನ್ನುವ ಉತ್ತರ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಮಗ್ಗವನ್ನು ಬಯಲಿಗೆ ಹಾಕುತ್ತೀರೇನು ಎಂದು ಕೇಳಿದರು. ಯಾರದೋ ಆಡು ಒಳಗೆ ನುಗ್ಗಿ ಕೆಂಪು ನೂಲಿಗೆ ಸಿಕ್ಕಿಹಾಕಿಕೊಂಡು ಓಣಿಯೆಲ್ಲ ಎಳೆದುಕೊಂಡು ಹೋಯಿತು. ನನಗೆ ಆಡಿನ ಮೇಲೆ ಪ್ರೀತಿ ಬಂತು.

ಕೊನೆಗೂ ಸಸಿ ತಂದರು. ಗುಲಾಬಿಗೆ ನಡುವೆ ಎರಡು ಮೊಳವಾದರೂ ಜಾಗ ಬೇಕು ಎಂದು ಜಮಖಂಡಿಯ ನರ್ಸರಿಯವನು ಹೇಳಿ ಕಳಿಸಿದ್ದ. ಇವರು ಗೇಣಿಗೆ ಒಂದರಂತೆ ಹಚ್ಚಿದರು. ಜೀವನವಿಡೀ ಹಾಸು ನೋಡಿದವರ ಕಣ್ಣಿಗೆ ಖಾಲಿ ಬಿಟ್ಟ ಜಾಗ ತುಂಡಾದ ಎಳೆಯ ಹಾಗೆ ಕಾಣುತ್ತದೆ. ಒಂದು ಎಳೆ ತಪ್ಪಿದರೆ ಸೀರೆ ಕೆಟ್ಟಿತು. ಅದಕ್ಕೆ ಸಂದಿ ಕಂಡಲ್ಲೆಲ್ಲ ಒಂದು ಸಸಿ ತುರುಕಿದರು. ನಡೆಯಲಿಕ್ಕೆ ಕಾಲಿಡುವಷ್ಟು ಜಾಗವೂ ಉಳಿಯಲಿಲ್ಲ. ಅದರ ಮೇಲೆ ಗೊಬ್ಬರದ ಕಥೆ. ಮುಧೋಳದ ಕಡೆಯ ಯಾವುದೋ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಕರಿ ಮಡ್ಡಿ ಒಂದು ಟ್ರ್ಯಾಕ್ಟರ್ ಬಂತು. ಹೊಲಕ್ಕೆ ಅದು ಅಮೃತವೇ, ಸುಳ್ಳಲ್ಲ. ಆದರೆ ಅದು ತಿಂಗಳುಗಟ್ಟಲೆ ಕೊಳೆತು ತಣ್ಣಗಾಗಬೇಕು. ಬಂದದ್ದು ಹಸಿ, ಇನ್ನೂ ಹಬೆಯಾಡುತ್ತಿತ್ತು. ಟ್ರ್ಯಾಕ್ಟರಿನವನೂ ಹೇಳಿದ, ನಾನೂ ಹೇಳಿದೆ. ಬಿಸಿ ಇದ್ದರೆ ಕಸುವು ಜಾಸ್ತಿ ಎಂದು ಇವರು ಬುಡಬುಡಕ್ಕೆ ಸುರಿದರು. ವಾರ ಕಳೆಯುವಷ್ಟರಲ್ಲಿ ಗುಲಾಬಿ, ಮಲ್ಲಿಗೆ ಎಲ್ಲ ಬೇಯಿಸಿದ ಸೊಪ್ಪಿನ ಹಾಗೆ ಬಾಗಿದವು. ನಾತಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಸಸಿಯೇ ಸರಿ ಇರಲಿಲ್ಲ ಎಂದರು ನನ್ನ ಗಂಡ. ನಾನು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬೆಳಗಾವಿಯವನಿಗೆ ಫೋನು ಮಾಡಿದೆ.

ಅವನು ಬಂದ. ಬಿಳಿ ಬೂಟು, ಕೈಯಲ್ಲಿ ದೊಡ್ಡ ಫೋನು, ಅದರ ತುಂಬ ಯಾವ್ಯಾವುದೋ ಊರಿನ ತೋಟಗಳ ಚಿತ್ರ. ಮನೆಯ ಒಳಗೆ ಬರಲೇ ಇಲ್ಲ. ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟಕ್ಕೇ ನಾನು ಎಚ್ಚರಗೊಳ್ಳಬೇಕಿತ್ತು. ಅವನ ತೋಟವೆಲ್ಲ ರಸ್ತೆಯಿಂದ ನೋಡುವವನಿಗೆ, ಮನೆಯೊಳಗಿನಿಂದ ಬಂದು ಕೂರುವವಳಿಗೆ ಅಲ್ಲ. ನನಗೆ ಏನು ಬೇಕು ಎಂದು ಕೇಳಿದ, ಅದು ನಿಜ. ಸುಮ್ಮನೆ ಕೂರಲು ಒಂದು ಜಾಗ ಎಂದೆ. "ಸೀಟಿಂಗ್ ಏರಿಯಾ" ಎಂದು ಬರೆದುಕೊಂಡ.

ನಮ್ಮ ಎರೆ ಮಣ್ಣು ಅವನಿಗೆ ಸೇರಲಿಲ್ಲ. ಅದನ್ನು ಮಡ್ಡಿ ಸಮೇತ ಎತ್ತಿಸಿ ಎಲ್ಲಿಂದಲೋ ಕೆಂಪು ಮಣ್ಣು ತರಿಸಿದ. ಈ ಸೀಮೆಯಲ್ಲಿ ಎರೆ ಮಣ್ಣನ್ನು ಹಣ ಕೊಟ್ಟು ಹೊರಗೆ ಹಾಕಿಸಿದ ಮನೆ ನಮ್ಮದೇ ಇರಬೇಕು, ಅದನ್ನು ತುಂಬಿಕೊಂಡು ಹೋಗಲು ರೈತರು ಸಾಲುಗಟ್ಟಿದ್ದರು. ಗೇಟಿನ ಒಂದು ಪಕ್ಕಕ್ಕೆ ನೆರಳು ಕೊಡದ ಎರಡು ಪಾಮ್ ಗಿಡ. ಗೋಡೆಗುಂಟ ಬಿಳಿ ಬೆಣಚುಕಲ್ಲು. ನಡುವೆ ಹುಲ್ಲು. ಒಂದು ಮೂಲೆಯಲ್ಲಿ ನುಣುಪಾದ ಕರಿ ಗ್ರಾನೈಟಿನ ಬೆಂಚು, ಪಶ್ಚಿಮಕ್ಕೆ ಮುಖ ಮಾಡಿ. ರಸ್ತೆಯಿಂದ ನೋಡಿದರೆ ಎಷ್ಟು ಚಂದ ಎಂದರೆ ಜನ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ನಾನು ಸಂಜೆ ಚಹಾ ಹಿಡಿದುಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತೆ, ಕೂತಷ್ಟೇ ಬೇಗ ಎದ್ದೆ. ಅದು ರೊಟ್ಟಿ ಬೇಯುವ ಹಂಚಾಗಿತ್ತು. ಬೆಳಿಗ್ಗೆ ಹುಲ್ಲಿನ ಮೇಲಾದರೂ ಕೂರೋಣವೆಂದರೆ ಅವನು ಬೆಂಚನ್ನೂ ಒಳಗೆ ಸೇರಿಸಿ ಸುತ್ತ ಹಗ್ಗ ಕಟ್ಟಿದ್ದ. ಬೇರು ಹಿಡಿಯುವ ತನಕ ಕಾಲಿಡಬಾರದು ಮೇಡಂ ಎಂದು ಹೇಳಿ ಬೆಳಗಾವಿಗೆ ಹೋದ.

ಹೀಗಾಗಿ ನಾನು ನನ್ನ ತೋಟವನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ರೊಟ್ಟಿ ಬಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಕೂರುವುದಕ್ಕೆ ಮಾಡಿಸಿದ ತೋಟ ನನ್ನನ್ನು ನಿಲ್ಲಿಸಿತು. ನಲ್ಲಿ ನೀರು ಬಂದ ದಿನ ಕುಡಿಯುವುದಕ್ಕಿಂತ ಮೊದಲು ಹುಲ್ಲಿಗೆ ಹಿಡಿಯಬೇಕು, ಪಾಮಿನ ಗರಿಯ ಧೂಳು ಒರೆಸಬೇಕು, ಬೆಣಚುಕಲ್ಲು ಹೆಕ್ಕಿ ಆಡುವ ಓಣಿಯ ಮಕ್ಕಳನ್ನು ಗದರಬೇಕು. ನನ್ನ ಗಂಡ ಮಾತಾಡದೆ ಕಟ್ಟೆಯ ಮೇಲೆ ನಿಂತು, ಹುಲ್ಲಿನ ಅಂಚು ಸೊಟ್ಟಗಿದೆ ಎನ್ನುವುದನ್ನು ಮುಖದಲ್ಲೇ ಹೇಳುತ್ತಿದ್ದರು. ಹಾಲಿನವನು ಒಮ್ಮೆ ಹಗ್ಗದಾಚೆಗೆ ಬಾಗಿ ಒಂದು ಎಸಳು ಕಿತ್ತು ನೋಡಿ, ಅಕ್ಕಾರ, ಇದು ಕರಕಿ ಅಲ್ಲೇನ್ರೀ, ಎಂದು ಕೇಳಿದ. ಗಣಪತಿಗೆ ಏರಿಸುವ ಗರಿಕೆಯನ್ನು ನಮ್ಮಲ್ಲಿ ಕರಕಿ ಎನ್ನುತ್ತಾರೆ. ಅದು ಹೊಲದಲ್ಲಿ ಬಂದರೆ ರೈತನ ಜೀವ ಹಿಂಡುವ ಕಳೆ. ಕಿತ್ತಷ್ಟೂ ಬೇರು ಬಿಡುತ್ತದೆ. ನಾನು ಅವನಿಗೆ ಇದು ಬೇರೆ ಜಾತಿ, ಹೊರಗಿನಿಂದ ಬಂದದ್ದು ಎಂದೆ. ಒಳಗೊಳಗೆ ನನಗೂ ಅದು ಕರಕಿಯ ಅಕ್ಕನೋ ತಂಗಿಯೋ ಇರಬೇಕು ಎನ್ನಿಸಿತ್ತು.

ಬೇರು ಹಿಡಿಯಿತು ಎನ್ನುವ ಸುಮಾರಿಗೆ, ಹಗ್ಗ ಬಿಚ್ಚುವ ದಿನ ಹತ್ತಿರ ಬಂದಾಗ, ತಂಗಿಯ ಬಸುರಿ ಸೊಸೆಯ ಕುಬಸಕ್ಕೆಂದು ನಾನು ಮುಧೋಳಕ್ಕೆ ಹೋದೆ. ಒಂದು ರಾತ್ರಿ ಉಳಿದೆ. ಅದೇ ಹೊತ್ತಿಗೆ ಹುನ್ನೂರಿನಿಂದ ನನ್ನ ಗಂಡನ ಅಕ್ಕ, ನಮ್ಮ ದೊಡ್ಡ ನಾದಿನಿ, ಹೊಸ ಮನೆ ನೋಡಲು ಬಂದರು. ಅವರನ್ನು ಹೊಲವಿದ್ದವರ ಮನೆಗೆ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಕಂಡಿಕೆ ಸುತ್ತಿದ ಕೈಗೆ ಮದುವೆಯ ಮೇಲೆ ಕುರ್ಪಿ ಬಂತು. ಅಂದಿನಿಂದ ಇಂದಿನವರೆಗೆ ಹೊಲದ ಕಳೆ ತೆಗೆದವರು ಅವರು, ಜೊತೆಗೆ ಇಡೀ ಸೀಮೆಯಲ್ಲಿ ಅವರಷ್ಟು ಪ್ರೀತಿಯ ಹೆಂಗಸು ಇನ್ನೊಬ್ಬರಿಲ್ಲ. ಯಾರ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲವೋ ಅವರೇ ತಪ್ಪು ಮಾಡಿದರೆ ಏನಾಗುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ನಾನು ಬಸ್ಸಿಳಿದು ಬಂದಾಗ ಗೇಟಿನ ಹತ್ತಿರ ಹಾಲಿನವನು ಒಂದು ದೊಡ್ಡ ಹಸಿ ಹುಲ್ಲಿನ ಹೊರೆಯನ್ನು ಬೈಕಿಗೆ ಕಟ್ಟುತ್ತಿದ್ದ. ನನ್ನನ್ನು ನೋಡಿ ಕಣ್ಣು ತಪ್ಪಿಸಿದ. ಒಳಗೆ ಹೋದರೆ ನನ್ನ ತೋಟ ಕೈಯಿಂದ ಸವರಿದ ಹಾಗೆ ಸ್ವಚ್ಛವಾಗಿತ್ತು. ಒಂದು ಎಸಳು ಹುಲ್ಲಿಲ್ಲ. ಕೆಂಪು ಮಣ್ಣು ಹದವಾಗಿ ಕೆದರಿ, ಸಣ್ಣ ಸಣ್ಣ ಮಡಿ ಮಾಡಿ, ನೀರು ಚಿಮುಕಿಸಿತ್ತು. ಮಡಿಯ ಅಂಚುಗಳು ದಾರ ಹಿಡಿದ ಹಾಗೆ ನೇರವಾಗಿದ್ದವು. ಅದರಲ್ಲಿ ನನ್ನ ಗಂಡನ ಕೈ ಇದೆ ಎನ್ನುವುದು ನೋಡಿದ ಕೂಡಲೇ ತಿಳಿಯಿತು. ನಾದಿನಿ ಸೆರಗು ಸಿಕ್ಕಿಸಿಕೊಂಡು, ಬೆವರು ಒರೆಸುತ್ತ, ಮುಖವರಳಿಸಿ ಎದುರಿಗೆ ಬಂದರು.

"ಎಷ್ಟು ಕರಕಿ ಬೆಳದಿತ್ತವಾ ನಿನ್ನ ಅಂಗಳದಾಗ. ಪಾಪ, ಒಬ್ಬಾಕಿ ಏನೇನ ಮಾಡ್ತಿ ನೀ? ಬುಡಾ ಸಮೇತ ತಗದೇನಿ ನೋಡು. ಮೆಂತೆ ಬಿತ್ತೇನಿ," ಎಂದರು.

ಪಾಪ, ಒಬ್ಬಾಕಿ ಎನ್ನುವ ಆ ಮಾತು ಇಲ್ಲದಿದ್ದರೆ ನಾನು ಕೂಗಿಬಿಡುತ್ತಿದ್ದೆ. ಆ ಮನೆತನದಲ್ಲಿ ನನಗೆ ಪಾಪ ಎಂದವರು ಅವರೊಬ್ಬರೇ. ನಾನು ಚೀಲ ಕೆಳಗಿಟ್ಟು, ಭಾಳ ಛಲೋ ಆತ್ರಿ ಅಕ್ಕಾರ ಎಂದೆ. ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಹುಲ್ಲಿಗೆ ಅತ್ತದ್ದಲ್ಲ. ಇನ್ನು ಈ ಜನ್ಮದಲ್ಲಿ ನನಗೆ ಕೂರಲು ಜಾಗ ಸಿಗುವುದಿಲ್ಲ ಎನ್ನುವುದು ಖಾತ್ರಿಯಾಯಿತು, ಅದಕ್ಕೆ.

ಹೊರಗೆ ಬಂದ ಮೇಲೆ ಗಂಡನನ್ನು ಮೂಲೆಗೆ ಕರೆದು ಕೇಳಿದೆ. ಅಕ್ಕ ಕಳೆ ಎಂದಳು, ನನಗೂ ಕಳೆಯ ಹಾಗೇ ಕಂಡಿತು ಎಂದರು. ಹಣ ಕೊಟ್ಟು ಹಾಕಿಸಿದ್ದು ಎಂದು ಹೇಳಬೇಕಿತ್ತಲ್ಲ ಎಂದೆ. ಕರಕಿಯನ್ನು ಹಣ ಕೊಟ್ಟು ತಂದಿದ್ದೇವೆ ಎಂದು ಹೊಲದವಳ ಮುಂದೆ ಯಾವ ಬಾಯಲ್ಲಿ ಹೇಳಲಿ ಎಂದರು. ಬೆಳಗಾವಿಯವನಿಗೆ ಫೋನು ಮಾಡಿದರೆ, ಅವನು ನಕ್ಕು, ಈ ಸಲ ಹುಲ್ಲಿನ ಬದಲು ಪ್ಲಾಸ್ಟಿಕ್ ಹಾಕೋಣ, ಯಾರೂ ಕೀಳುವುದಿಲ್ಲ ಎಂದ. ಫೋನು ಇಟ್ಟೆ.

ಮೆಂತೆ ಮೊಳೆಯುವ ತನಕ ಇದ್ದು ಹೋಗುತ್ತೇನೆ ಎಂದರು ನಾದಿನಿ. ಮೊಳೆಯಿತು ಕೂಡ, ಅವರ ಕೈಗುಣ. ಮೊದಲ ಪಲ್ಯ ಮಾಡಿಯೇ ಹೋಗುತ್ತೇನೆ ಎಂದು ಮತ್ತೆ ಉಳಿದರು. ಬಂದವರೆಲ್ಲ ಈಗ ನೋಡು, ಜಾಗ ಕೆಲಸಕ್ಕೆ ಬಂತು ಎಂದು ಹೊಗಳಿದರು. ಪಕ್ಕದ ಮನೆಯಾಕೆ ಒಂದು ಮಡಿ ತನಗೆ ಬದನೆಗೆ ಬಿಡು ಎಂದಳು. ಮೈದುನ ಬಣ್ಣ ಹಾಕಿದ ನೂಲಿನ ಲಡಿಗಳನ್ನು ತಂದು, ಇಲ್ಲಿ ಬಿಸಿಲು ಭಾಳ ಛಲೋ ಐತಿ ಎಂದು ಎರಡು ಪಾಮ್ ಗಿಡಗಳ ನಡುವೆ ಬಿದಿರು ಕಟ್ಟಿ ನೇತುಹಾಕಿದ. ಕೆಂಪು, ಹಳದಿ, ಕೆಂಪು, ಹಳದಿ. ಅವುಗಳಿಂದ ಬಣ್ಣದ ನೀರು ತೊಟ್ಟಿಕ್ಕಿ ಬಿಳಿ ಬೆಣಚುಕಲ್ಲೆಲ್ಲ ಅರಿಶಿನ ಕುಂಕುಮ ಎರಚಿದಂತಾಯಿತು. ಹಳೆಯ ಮನೆ ನನ್ನ ಹಿಂದೆಯೇ ನಡೆದು ಬಂದಿತ್ತು.

ಅದನ್ನು ನೋಡಿದ ದಿನ ನನಗೆ ಏನೋ ಆಯಿತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು, ಹಿತ್ತಿಲಿನಲ್ಲಿದ್ದ ಹಗ್ಗ ಹೆಣೆದ ಹೊರಸು ಮಂಚವನ್ನು ಎಳೆದುಕೊಂಡು ಬಂದು ಎರಡು ಮಡಿಗಳ ನಡುವೆ ಹಾಕಿದೆ. ಅದರ ಒಂದು ಕಾಲು ಮೆಂತೆಯ ಮೇಲೆ ಬಿತ್ತು. ಬೀಳಲಿ ಎಂದುಕೊಂಡೆ. ಲಡಿಗಳನ್ನು ಒಂದು ಕಡೆ ಸರಿಸಿ, ಕಾಲು ಮೇಲಿಟ್ಟು ಕೂತೆ. ಗಾಳಿ ತಣ್ಣಗಿತ್ತು. ಕೈಗಳನ್ನು ಏನು ಮಾಡಬೇಕು ಎಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ. ಅವು ತಾವಾಗಿಯೇ ಸೆರಗಿನ ಎಳೆ ಹುಡುಕಲು ಹೋದವು. ಬಿಡಿಸಿ ಮತ್ತೆ ಮಡಿಲಲ್ಲಿಟ್ಟೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಡ ಕರೆದರು. ಚಹಾ ಎಲ್ಲಿ ಎಂದು. ನಾನು ಏಳಲಿಲ್ಲ. ಮತ್ತೆ ಕರೆದರು. ಆಮೇಲೆ ಕಟ್ಟೆಗೆ ಬಂದು ನಿಂತು ನನ್ನನ್ನೂ ಹೊರಸನ್ನೂ ಮೆಂತೆಯನ್ನೂ ನೋಡಿದರು. ಹೊರಸು ಸಾಲಿಗೆ ಸೊಟ್ಟಗಿತ್ತು, ಅದು ಅವರ ಕಣ್ಣಿಗೆ ಚುಚ್ಚಿದ್ದು ನನಗೆ ಗೊತ್ತಾಯಿತು.

"ಅಲ್ಲೇನ ಮಾಡಾಕತ್ತಿ?"

"ಕುಂತೇನಿ."

"ಕುಂತು ಏನ್ ಮಾಡಾಕತ್ತಿ?"

"ಏನೂ ಇಲ್ಲ."

ಮೈಯಲ್ಲಿ ಹುಷಾರಿಲ್ಲವೇನು ಎಂದು ಕೇಳಿದರು. ಹುಷಾರಿದ್ದೇನೆ ಎಂದೆ. ಇನ್ನೊಂದು ಗಳಿಗೆ ನಿಂತರು. ಆಮೇಲೆ ಒಳಗೆ ಹೋದರು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಸಪ್ಪಳ ಕೇಳಿಸಿತು. ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ಹುಡುಕುತ್ತಿದ್ದರು. ಹೇಳಬೇಕೆಂದು ಬಾಯಿಗೆ ಬಂತು, ಹೇಳಲಿಲ್ಲ.

ಅಷ್ಟರಲ್ಲಿ ನಾದಿನಿ ಬಂದರು. ಸೆರಗಿನಲ್ಲಿ ಮುಂಜಾನೆ ಕಿತ್ತ ಎಳೆ ಮೆಂತೆ ಇತ್ತು. ಅದನ್ನು ಸೋಸಲೆಂದು ನನ್ನ ಮಡಿಲಿಗೆ ಸುರಿಯಲು ಬಾಗಿದರು. ಇದು ತೀರ ಸಹಜ, ಹೆಂಗಸು ಕೂತಿದ್ದಾಳೆ, ಮಡಿಲು ಖಾಲಿ ಇದೆ. ನಾನು ಅಂಗೈಗಳನ್ನು ಮಡಿಲ ಮೇಲೆ ಅಡ್ಡ ಇಟ್ಟೆ. ಅವರು ಬಾಗಿದವರು ಬಾಗಿದಂತೆಯೇ ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡರೋ, ಮೆಂತೆಯನ್ನು ಸೆರಗಿನಲ್ಲೇ ಕಟ್ಟಿಕೊಂಡು ಹೊರಸಿನ ಅಂಚಿಗೆ ಕೂತರು.

"ಹಿಂಗ ಸುಮ್ಮ ಕುಂತ್ರ ಬ್ಯಾಸರ ಆಗೂದಿಲ್ಲೇನ ನಿನಗ?" ಎಂದು ಮೆಲ್ಲಗೆ ಕೇಳಿದರು. ಆಡಿಕೊಂಡದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

"ಆಗ್ಲಿ ಬಿಡ್ರಿ ಅಕ್ಕಾರ," ಎಂದೆ. "ಮದಿವಿ ಆದಾಗಿಂದ ನನಗ ಬ್ಯಾಸರಾ ಮಾಡ್ಕೊಳ್ಳಾಕ ಪುರಸೊತ್ತ ಸಿಕ್ಕಿಲ್ಲ."

ಅವರು, ನಂಗೂ ಒಂದೀಟು ಸರಿ ಎಂದು ನನ್ನನ್ನು ಅತ್ತ ದೂಡಿ, ಒಡೆದ ಹಿಮ್ಮಡಿಯ ಕಾಲೆರಡನ್ನೂ ಹೊರಸಿನ ಮೇಲೆ ಎಳೆದುಕೊಂಡು ಕೂತರು. ಅವರ ಕೈಯೂ ಅಂಚಿನ ಹಗ್ಗದ ಎಳೆ ಕೀಳತೊಡಗಿತ್ತು. ನಾನು ಅದರ ಮೇಲೆ ನನ್ನ ಕೈ ಇಟ್ಟೆ.

ಚಹಾ ಬಂತು. ಸಕ್ಕರೆ ವಿಪರೀತವಾಗಿತ್ತು, ಹಾಲು ಹಸಿಹಸಿ. ಇಬ್ಬರಿಗೂ ಲೋಟ ಕೊಟ್ಟು ನನ್ನ ಗಂಡ ಹೊರಸಿನ ಕಾಲನ್ನು ಸಾಲಿಗೆ ಸರಿಯಾಗಿ ಸರಿಸಲು ಬಾಗಿದರು. ಇರಲಿ ಬಿಡ್ರಿ ಎಂದೆ. ಬಿಟ್ಟರು. ನಾನು, ನಾದಿನಿ ಇಬ್ಬರೂ ಕೂತುಕೊಂಡೇ ಅದನ್ನು ಕುಡಿದೆವು.